ಅಗ್ರಿಮೆಂಟ್ ಒಬ್ಬನ ಹೆಸರಲ್ಲಿ, ಬಾಡಿಗೆ ಮೂವರದ್ದು: ಜಗಳ ಬಂದ್ರೆ ಉಳಿದಿಬ್ಬರ ಗತಿ ಏನು?

ಶಿವಮೊಗ್ಗ: ವಿನೋಬನಗರದಲ್ಲೋ ಗೋಪಾಳದಲ್ಲೋ ಮೂವರು ಹುಡುಗರು ಸೇರಿ ಒಂದು ಮನೆ ಹಿಡೀತಾರೆ. ಬಾಡಿಗೆ, ಅಡ್ವಾನ್ಸ್ ಮೂವರದ್ದು, ಅಗ್ರಿಮೆಂಟ್ ಮಾತ್ರ ಒಬ್ಬನ ಹೆಸರಲ್ಲಿ. ಅವನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿ ಹೊರಟರೆ ಓನರ್ ಕೇಳೋದು ಒಂದೇ ಮಾತು: ‘ನೀವ್ಯಾರು? ನಾನು ಮನೆ ಕೊಟ್ಟಿದ್ದು ಅವನಿಗೆ.’ ಭದ್ರಾವತಿ, ಶಂಕರಘಟ್ಟದ ರೂಮುಗಳಲ್ಲೂ ಇದೇ ಕತೆ ಆಗಬಹುದು.

ಬಾಡಿಗೆದಾರರನ್ನು ಕಾಯೋಕೆ ಕರ್ನಾಟಕ ಬಾಡಿಗೆ ಕಾಯ್ದೆ 1999 ಇದೆಯಲ್ಲ ಅಂತೀರಾ? ಆದರೆ ಊರು ನೋಡಿ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಬಾಡಿಗೆ ದಾಟಿದ ಮನೆಗಳನ್ನು ಆ ಕಾಯ್ದೆ ಹೊರಗಿಟ್ಟಿದೆ. ಇವತ್ತಿನ ರೇಟಿಗೆ ಹೆಚ್ಚಿನ ಮನೆಗಳು ಬರೋದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಅಡಿಯಲ್ಲಿ. ತಿಂಗಳ ಬಾಡಿಗೆ ಮನೆ ಖಾಲಿ ಮಾಡಿಸೋಕೆ 15 ದಿನದ ಲಿಖಿತ ನೋಟಿಸ್ ಕೊಡಬೇಕು. ಆ ನೋಟಿಸ್ ಹೋಗೋದು ಬಾಡಿಗೆದಾರನಿಗೆ. ಹೆಸರಿಲ್ಲದ ರೂಮ್‌ಮೇಟ್ ಸಾಮಾನ್ಯವಾಗಿ ಅವನ ಒಪ್ಪಿಗೆ ಮೇಲೆ ಇರುವವನು ಅಷ್ಟೇ. ಅಡ್ವಾನ್ಸ್ ಕೂಡ ಓನರ್ ವಾಪಸ್ ಕೊಡೋದು ಹೆಸರಿದ್ದವನಿಗೆ. ನಿಮ್ಮ ಪಾಲನ್ನ ಅವನ ಹತ್ತಿರಾನೇ ಕೇಳಬೇಕು.

ಹಾಗಂತ ಕೈ ಪೂರ್ತಿ ಖಾಲಿ ಇಲ್ಲ. ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಬಾಡಿಗೆ ಬಾಯಿ ಮಾತಲ್ಲೂ ಆಗುತ್ತೆ, ಮನೆ ವಶಕ್ಕೆ ಕೊಟ್ಟರೆ ಸಾಕು. ಹೆಸರಿದ್ದವನು ಬಿಟ್ಟ ಮೇಲೂ ಓನರ್ ನಿಮ್ಮಿಂದಲೇ ತಿಂಗಳು ತಿಂಗಳು ಬಾಡಿಗೆ ತಗೊಂಡಿದ್ರೆ, ‘ನಾನೂ ಬಾಡಿಗೆದಾರ’ ಅನ್ನೋಕೆ ಆ ಫೋನ್‌ಪೇ ದಾಖಲೆ ಆಧಾರ ಆಗಬಹುದು. ಕೈಯಲ್ಲಿ ನಗದು ಕೊಟ್ಟವರಿಗೆ ಇದು ಕಷ್ಟ.

ಇನ್ನು ಬೀಗ ಹಾಕಿ ಲಗೇಜ್ ಬೀದಿಗೆ ಎಸೆಯೋದು. ಬಾಡಿಗೆದಾರನನ್ನೇ ಆಗಲಿ, ಕಾನೂನು ಕ್ರಮ ಇಲ್ಲದೆ ಹೊರಹಾಕುವಂತಿಲ್ಲ. ಹಾಗೆ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ 6 ತಿಂಗಳೊಳಗೆ ಸಿವಿಲ್ ಕೋರ್ಟಿಗೆ ಹೋಗಬಹುದು. ಅಲ್ಲಿ ಮೊದಲ ಪ್ರಶ್ನೆ, ಮನೆ ಯಾರ ಸ್ವಾಧೀನದಲ್ಲಿತ್ತು ಅನ್ನೋದು. ರೂಮ್‌ಮೇಟ್ ಬಳಿ ಅದಕ್ಕೂ ದಾಖಲೆ ಬೇಕು.

ಅಂಗಡಿಯವರೂ ಗಮನಿಸಿ. ಗಾಂಧಿ ಬಜಾರ್ ಇರಲಿ, ಭದ್ರಾವತಿಯ ಬಿ.ಎಚ್. ರಸ್ತೆ ಇರಲಿ, ಅಣ್ಣನ ಹೆಸರಲ್ಲಿ ಕರಾರು, ತಮ್ಮನ ದುಡಿಮೆ ಅಂದರೆ ಪರಿಸ್ಥಿತಿ ಇದೇ. ‘ಒಳಬಾಡಿಗೆ ಕೊಡಬಾರದು’ ಅನ್ನೋ ಸಾಲು ಕರಾರಿನಲ್ಲಿದ್ದರೆ ಇನ್ನೂ ಬಿಗಿ.

ಪರಿಹಾರ ದೊಡ್ಡದಲ್ಲ. 11 ತಿಂಗಳ ಅಗ್ರಿಮೆಂಟ್ ರಿನ್ಯೂ ಮಾಡುವಾಗ ಎಲ್ಲರ ಹೆಸರು, ಸಹಿ ಹಾಕಿಸಿ. ಅಡ್ವಾನ್ಸ್‌ನಲ್ಲಿ ಯಾರದೆಷ್ಟು ಅಂತ ಬರೆಸಿ. ಓನರ್‌ಗೂ ಲಾಭವೇ: ಮನೇಲಿ ಯಾರಿದ್ದಾರೆ ಅಂತ ಗೊತ್ತಿರುತ್ತೆ, ಬಾಡಿಗೆ ಬಾಕಿಗೆ ಮೂವರನ್ನೂ ಕೇಳಬಹುದು. ಹೆಸರು ಹಾಕಿಸಿದ ಮೇಲೆ ಈ ಹೊಣೆ ನಿಮಗೂ ಬರುತ್ತೆ, ಅದು ನೆನಪಿರಲಿ. ಆದರೆ ಓನರ್ ‘ನೀವ್ಯಾರು’ ಅಂತ ಕೇಳೋ ದಿನ ತೋರಿಸೋಕೆ ಕೈಯಲ್ಲಿ ಒಂದು ಕಾಗದ ಇರುತ್ತೆ.