ಹಾಜರಿ ಯಾರದ್ದು, ಗೈರುಹಾಜರಿ ಯಾರದ್ದು?

ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವಾರ ಮಕ್ಕಳ ಕೈಗೆ ಸಿಗುವುದು ಪುಸ್ತಕವಲ್ಲ, ಶರತ್ತುಗಳ ಹಾಳೆ. ಶೇಕಡಾ 85 ಹಾಜರಿ ಕಡ್ಡಾಯ. ಐದು ನಿಮಿಷ ತಡವಾದರೆ ತರಗತಿಗೆ ಪ್ರವೇಶವಿಲ್ಲ. ಹೇಳಿದ ದಿನ ಅಸೈನ್‌ಮೆಂಟ್ ಒಪ್ಪಿಸದಿದ್ದರೆ ಸೊನ್ನೆ. ರೆಕಾರ್ಡಿಗೆ ಸಹಿ ಬೀಳದಿದ್ದರೆ ಲ್ಯಾಬಿನ ಬಾಗಿಲು ಮುಚ್ಚಿತು. ಇಂಟರ್ನಲ್ಸ್‌ನಲ್ಲಿ ಇಷ್ಟು ಅಂಕ ಬಾರದಿದ್ದರೆ ಪರೀಕ್ಷೆಯ ಆಸೆ ಬಿಡಬೇಕು. ಹಾಳೆಯ ಕೆಳಗೆ ವಿದ್ಯಾರ್ಥಿ ಸಹಿ ಮಾಡಬೇಕು, ಪಾಲಕರೂ ಸಹಿ ಮಾಡಬೇಕು. ಕಾಲೇಜು ತನ್ನ ಕಡೆಯಿಂದ ಏನು ಕೊಡುತ್ತದೆ ಎಂದು ಬರೆದು ಸಹಿ ಹಾಕುವ ಜಾಗ ಮಾತ್ರ ಆ ಹಾಳೆಯಲ್ಲಿ ಇರುವುದಿಲ್ಲ.

ಒಂದೇ ಕಡೆಯವರು ಸಹಿ ಹಾಕುವ ಕಾಗದಕ್ಕೆ ನಮ್ಮ ಜನ ಒಪ್ಪಂದ ಎನ್ನುವುದಿಲ್ಲ, ಮುಚ್ಚಳಿಕೆ ಎನ್ನುತ್ತಾರೆ. ಕಳ್ಳತನದ ಅನುಮಾನ ಇದ್ದವರಿಂದ ಪೊಲೀಸರು ಬರೆಸಿಕೊಳ್ಳುವುದು ಅದನ್ನೇ. ಹದಿನೆಂಟು ತುಂಬದ ಮಕ್ಕಳಿಂದ, ಲಕ್ಷಾಂತರ ರೂಪಾಯಿ ಫೀಸು ಕಟ್ಟಿದ ತಂದೆತಾಯಿಗಳಿಂದ ನಮ್ಮ ವಿದ್ಯಾಸಂಸ್ಥೆಗಳು ಬರೆಸಿಕೊಳ್ಳುತ್ತಿರುವುದೂ ಅದನ್ನೇ.

ನಿಯಮಗಳೇ ಬೇಡ ಎಂಬುದು ನಮ್ಮ ವಾದವಲ್ಲ. ಸೇತುವೆ ಕಟ್ಟುವವರು, ವಿದ್ಯುತ್ ಹರಿಸುವವರು ಶಿಸ್ತು ಕಲಿಯಲೇಬೇಕು. ನಮ್ಮ ತಕರಾರು ನಿಯಮದ ಲೆಕ್ಕಾಚಾರದ ಬಗ್ಗೆ. 1998ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯಲ್ಲಿ ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಮೂರು ಕ್ರೆಡಿಟ್‌ನ ಒಂದು ವಿಷಯಕ್ಕೆ ಸುಮಾರು 40 ಗಂಟೆ ಪಾಠ. ಶೇಕಡಾ 85 ಎಂದರೆ 34 ಗಂಟೆ. ಇಡೀ ಸೆಮಿಸ್ಟರಿನಲ್ಲಿ ತಪ್ಪಿಸಬಹುದಾದದ್ದು ಆರು. ಎರಡು ವಾರ ಟೈಫಾಯ್ಡ್ ಮಲಗಿಸಿದರೆ ಆ ಆರೂ ಮುಗಿದವು. ಆಮೇಲೆ ಅಕ್ಕನ ಮದುವೆ ಇರಬಾರದು, ಅಜ್ಜಿ ಸಾಯಬಾರದು, ತಾಲೂಕಿನಿಂದ ಬರುವ ಬೆಳಗಿನ ಬಸ್ಸು ಕೆಡಬಾರದು. ಸಕಾರಣವಿದ್ದರೆ ಶೇಕಡಾ 10ರಷ್ಟನ್ನು ಮನ್ನಾ ಮಾಡುವ ಅವಕಾಶವಿದೆ, ನಿಜ. ಆದರೆ ಆ ಮನ್ನಾ ಪಡೆಯಲು ಯಾವ ಕಾಗದ ಬೇಕು, ಯಾರ ಬಾಗಿಲಲ್ಲಿ ನಿಲ್ಲಬೇಕು, ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬುದು ಪೇಟೆಯ, ಓದಿದ ಮನೆಯ ಹುಡುಗರಿಗೆ ತಾನಾಗಿಯೇ ಗೊತ್ತು. ಆಟೋ ಓಡಿಸುವವನ ಮಗಳಿಗೆ ಅಂಥದ್ದೊಂದು ಅವಕಾಶ ಇದೆ ಎಂಬುದೇ ಗೊತ್ತಾಗುವುದಿಲ್ಲ. ಶಾರ್ಟೇಜ್ ಪಟ್ಟಿ ನೋಟಿಸ್ ಬೋರ್ಡಿಗೆ ಬರುವ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತದೆ.

ಅಂಕಗಳದ್ದೂ ಇದೇ ಕತೆ. ವಿಶ್ವವಿದ್ಯಾಲಯದ 2022ರ ಸ್ಕೀಮಿನಲ್ಲಿ ಕಾಲೇಜಿನೊಳಗಿನ ಮೌಲ್ಯಮಾಪನಕ್ಕೆ 50, ಅಂತಿಮ ಪರೀಕ್ಷೆಗೆ 50. ಒಳಗಿನ 50ರಲ್ಲಿ 20 ಬಾರದಿದ್ದರೆ ಅಂತಿಮ ಪರೀಕ್ಷೆಗೆ ಕೂರುವಂತಿಲ್ಲ. ವರ್ಷವಿಡೀ ಗಮನಿಸಿ, ತಪ್ಪು ತಿದ್ದಿ, ಮಕ್ಕಳನ್ನು ಪರೀಕ್ಷೆಗೆ ಸಿದ್ಧ ಮಾಡುವುದೇ ಒಳಗಿನ ಮೌಲ್ಯಮಾಪನದ ಆಶಯ. ಆದರೆ ಎಷ್ಟೋ ಕಾಲೇಜುಗಳಲ್ಲಿ ಮೊದಲ ಟೆಸ್ಟಿನ ಬ್ಲೂ ಬುಕ್ ಮಕ್ಕಳ ಕೈಗೆ ಬರುವುದು ಎರಡನೇ ಟೆಸ್ಟಿನ ಹಿಂದಿನ ದಿನ. ಒಳಗೆ ಕೆಂಪು ಶಾಯಿಯ ಒಂದು ಅಂಕಿ ಮತ್ತು ಒಂದು ಸಹಿ. ಎಲ್ಲಿ ತಪ್ಪಿತು, ಏಕೆ ತಪ್ಪಿತು ಎಂಬ ಒಂದು ಸಾಲೂ ಇಲ್ಲ. ಉತ್ತರ ತಡವಾಗಿ ಕೊಟ್ಟ ವಿದ್ಯಾರ್ಥಿಗೆ ಸೊನ್ನೆ. ಉತ್ತರಪತ್ರಿಕೆ ತಡವಾಗಿ ಕೊಟ್ಟ ಕಾಲೇಜಿಗೆ ಎಷ್ಟು?

ಹಾಜರಿ ಎಂಬುದು ಅರಬಿಯಿಂದ ಉರ್ದುವಿನ ದಾರಿಯಲ್ಲಿ ಕನ್ನಡಕ್ಕೆ ಬಂದ ಶಬ್ದ. ಹಾಜಿರ್ ಎಂದರೆ ಎದುರಿಗಿರುವವನು, ಸಿದ್ಧನಾಗಿರುವವನು. ಎದುರಿಗೆ ಇರುವುದು ಒಬ್ಬರಿಂದ ಆಗುವ ಕೆಲಸವಲ್ಲ, ಅದಕ್ಕೆ ಇಬ್ಬರು ಬೇಕು. ಪಾಠ ಮಾಡಬೇಕಾದವರ ಹುದ್ದೆ ತಿಂಗಳುಗಟ್ಟಲೆ ಖಾಲಿ ಬಿದ್ದರೆ, ಐದು ಮಾಡ್ಯೂಲ್‌ಗಳಲ್ಲಿ ಎರಡನ್ನು ಕೊನೆಯ ವಾರ ಪಿಪಿಟಿ ಓದಿ ಮುಗಿಸಿದರೆ, ಅನುಮಾನ ಕೇಳಲು ಹೋದವರಿಗೆ ಸ್ಟಾಫ್ ರೂಮಿನ ಬೀಗ ಕಂಡರೆ ಅದೂ ಗೈರುಹಾಜರಿಯೇ. ಆ ಗೈರುಹಾಜರಿಯನ್ನು ಬರೆದಿಡುವ ರಿಜಿಸ್ಟರ್ ಯಾವ ಕಾಲೇಜಿನ ಕಪಾಟಿನಲ್ಲಿದೆ?

ಇನ್ನು ತರಗತಿಯಲ್ಲಿ ಕೂತವರು ಯಾರು ಎಂಬ ಪ್ರಶ್ನೆಗೆ ಬರೋಣ. ನಮ್ಮ ರಾಜ್ಯದ ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿ ಇದೆ. ಸಂವಿಧಾನದ 371 (ಜೆ) ಪರಿಚ್ಛೇದದಿಂದ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಪ್ರತ್ಯೇಕ ಪಾಲಿದೆ. ಡಿಪ್ಲೊಮಾ ಮುಗಿಸಿದವರು ನೇರವಾಗಿ ಮೂರನೇ ಸೆಮಿಸ್ಟರಿಗೆ ಬರುತ್ತಾರೆ. ಇವೆಲ್ಲ ದೀರ್ಘ ಹೋರಾಟದ ಫಲಗಳು. ಸೀಟು ಹಂಚುವ ದಿನ ಈ ಮಕ್ಕಳ ಹಿನ್ನೆಲೆ ವ್ಯವಸ್ಥೆಗೆ ಚೆನ್ನಾಗಿ ನೆನಪಿರುತ್ತದೆ, ಪ್ರಮಾಣಪತ್ರವನ್ನೇ ಕೇಳಿ ಪಡೆಯುತ್ತದೆ. ಪಾಠ ಶುರುವಾದ ದಿನ ಅದೇ ಹಿನ್ನೆಲೆ ಮರೆತುಹೋಗುತ್ತದೆ. ಬಾಗಿಲು ತೆರೆದವರು ಒಳಗೆ ದೀಪ ಹಚ್ಚುವುದನ್ನು ಬಿಟ್ಟಿದ್ದಾರೆ. ಕತ್ತಲಲ್ಲಿ ಎಡವಿದವರನ್ನು ತೋರಿಸಿ, ನೋಡಿ, ಇವರು ಅರ್ಹರಲ್ಲ ಎನ್ನುತ್ತಿದ್ದಾರೆ.

ನಮಗೆ ಮೊದಲ ಅಕ್ಷರ ಕಲಿಸಿದ್ದು ಉರ್ದು ಶಾಲೆ, ಆಮೇಲಿನದ್ದು ಕನ್ನಡ ಶಾಲೆ. ಆದ್ದರಿಂದ ಒಂದೇ ವಸ್ತುವಿಗೆ ಮೂರು ಹೆಸರು ಹೊತ್ತು ನಡೆಯುವ ಭಾರ ನಮಗೆ ಗೊತ್ತು. ತ್ರಿಕೋನ ಅಲ್ಲಿ ಮುಸಲ್ಲಸ್, ಭಿನ್ನರಾಶಿ ಅಲ್ಲಿ ಕಸರ್. ಸಮೀಕರಣಕ್ಕೆ ಉರ್ದು ಗಣಿತದಲ್ಲಿ ಮುಸಾವಾತ್ ಎನ್ನುತ್ತಾರೆ, ಸಮಾನತೆಗೂ ಅದೇ ಶಬ್ದ. ಬೀದರಿನ ಉರ್ದು ಶಾಲೆಯಿಂದಲೋ ಕುಷ್ಟಗಿಯ ಕನ್ನಡ ಶಾಲೆಯಿಂದಲೋ ಬಂದ ಹುಡುಗಿಗೆ ಗಣಿತ ಬರುವುದಿಲ್ಲ ಎಂದಲ್ಲ. ಪಿಯುಸಿಯ ಎರಡು ವರ್ಷದ ಇಂಗ್ಲಿಷನ್ನು ಕಟ್ಟಿಕೊಂಡು ಬಂದವಳಿಗೆ ಪ್ರಶ್ನೆ ಅರ್ಥವಾಗುವ ಹೊತ್ತಿಗೆ ಬೋರ್ಡು ಒರೆಸಿ ಆಗಿರುತ್ತದೆ. ಎದ್ದು ಕೇಳಿದರೆ ಹಿಂದಿನ ಬೆಂಚಿನವರು ನಗುತ್ತಾರೆ. ಕೇಳದೆ ಕೂತರೆ ಅವಳು ದಡ್ಡಿ.

2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅವಕಾಶ ಕೊಟ್ಟಾಗ ದೊಡ್ಡ ಸಂಭ್ರಮವಾಯಿತು. ಆದರೆ ನೌಕರಿಯ ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುವತನಕ ಬಡವರು ಮಕ್ಕಳನ್ನು ಪ್ರತ್ಯೇಕ ಕನ್ನಡ ತರಗತಿಗೆ ಕಳಿಸಲು ಹಿಂಜರಿಯುತ್ತಾರೆ, ಅದು ಅವರ ಅಜ್ಞಾನವಲ್ಲ, ಅನುಭವ. ಬೇಕಾಗಿರುವುದು ಬೇರೆ ಕೋಣೆಯಲ್ಲ. ಇರುವ ಕೋಣೆಯಲ್ಲೇ ಕನ್ನಡದಲ್ಲಿ ಕೇಳುವ, ಕನ್ನಡದಲ್ಲಿ ವಿವರಿಸುವ ಸಲುಗೆ. ಅದಕ್ಕೆ ಪರಿಷತ್ತಿನ ಅನುಮತಿ ಬೇಡ, ಒಬ್ಬ ಮೇಷ್ಟರ ಮನಸ್ಸು ಸಾಕು.

ವಿದ್ಯಾರ್ಥಿಗಳಿಗೆ ಬೆಂಬಲ ಎಂಬುದೇನೂ ಕಾಲೇಜುಗಳಿಗೆ ಹೊಸ ಮಾತಲ್ಲ. ಬೆಂಗಳೂರಿನಲ್ಲೇ ಕಚೇರಿ ಇರುವ ನ್ಯಾಕ್ ಸಂಸ್ಥೆ ಕಾಲೇಜುಗಳನ್ನು ಅಳೆಯಲು ಬಳಸಿಕೊಂಡು ಬಂದ ಏಳು ಮಾನದಂಡಗಳಲ್ಲಿ ಐದನೆಯದು ವಿದ್ಯಾರ್ಥಿ ಬೆಂಬಲ ಮತ್ತು ಪ್ರಗತಿ. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯತ್ವ ಪಡೆದ ಮೇಲಂತೂ ಪ್ರತಿ ವಿಷಯಕ್ಕೂ ಕೋರ್ಸ್ ಔಟ್‌ಕಮ್, ಪ್ರತಿ ಪ್ರಶ್ನೆಗೂ ಎಲ್1, ಎಲ್2, ಎಲ್3 ಎಂಬ ಮುದ್ರೆ ಸಾಮಾನ್ಯವಾಯಿತು. ಇಪ್ಪತ್ತು ಮಕ್ಕಳಿಗೆ ಒಬ್ಬ ಮೆಂಟರ್, ಅವರಿಗೊಂದು ಡೈರಿ. ಎಷ್ಟು ಚಂದದ ಏರ್ಪಾಡು! ತಪಾಸಣಾ ಸಮಿತಿ ಬರುವ ಹಿಂದಿನ ವಾರ ಈ ಡೈರಿಗಳನ್ನು ತೆಗೆದು ನೋಡಿದವರಿಗೆ ಇದರ ಒಳಗುಟ್ಟು ಗೊತ್ತು. ಮೂರು ವರ್ಷದ ಭೇಟಿಗಳು ಒಂದೇ ಪೆನ್ನಿನಲ್ಲಿ, ಒಂದೇ ಸಂಜೆ ನಡೆದಿರುತ್ತವೆ. ಎಲ್ಲ ಮಕ್ಕಳಿಗೂ ಒಂದೇ ಸಲಹೆ: ಚೆನ್ನಾಗಿ ಓದಲು ಸೂಚಿಸಲಾಯಿತು.

ಬೆಂಬಲ ಎಂದ ಕೂಡಲೇ ಕೆಲವರಿಗೆ ರಿಯಾಯಿತಿ ಎಂಬ ಮಾತು ನೆನಪಾಗುತ್ತದೆ. ರಿಯಾಯಿತಿ ಕೊಟ್ಟರೆ ಗುಣಮಟ್ಟ ಕುಸಿಯುತ್ತದೆ, ನಾಳೆ ಸೇತುವೆ ಬೀಳುತ್ತದೆ ಎನ್ನುತ್ತಾರೆ. ಈ ಶಬ್ದವೂ ಅರಬಿಯದೇ. ಅದರ ಮೂಲದಲ್ಲಿರುವುದು ಕಾಯುವುದು, ಪಾಲಿಸುವುದು, ಕುರಿಗಾಹಿ ತನ್ನ ಮಂದೆಯ ಮೇಲೆ ಕಣ್ಣಿಟ್ಟಿರುವಂತೆ ಲಕ್ಷ್ಯ ಇಡುವುದು. ಬಟ್ಟೆ ಅಂಗಡಿಯ ಬೋರ್ಡಿಗೆ ಬಂದು ಅದು ಬೆಲೆ ಇಳಿಸುವುದಾಯಿತು. ನಾವು ಕೇಳುತ್ತಿರುವುದು ಅಂಗಡಿಯ ರಿಯಾಯಿತಿಯನ್ನಲ್ಲ, ಮೂಲ ಅರ್ಥದ ರಿಯಾಯತ್ತನ್ನು. ಒಂದು ಅಂಕವನ್ನೂ ಬಿಟ್ಟಿ ಕೊಡಬೇಡಿ, ಆದರೆ ಮಂದೆಯ ಕಡೆಗೆ ನೋಡಿ.

ಹಾಗೆ ನೋಡಿದವರ ಉದಾಹರಣೆ ಇದೆ. 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞ ಕಪ್ಪು ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ಏಕೆ ಸೋಲುತ್ತಾರೆ ಎಂದು ಹುಡುಕಲು ಹೊರಟರು. ಪ್ರಾಧ್ಯಾಪಕರನ್ನು ಕೇಳಿದರೆ ಸಿದ್ಧ ಉತ್ತರಗಳಿದ್ದವು: ಆಸಕ್ತಿ ಇಲ್ಲ, ತಳಪಾಯ ಇಲ್ಲ, ಮನೆಯವರ ಒತ್ತಾಸೆ ಇಲ್ಲ. ನಮ್ಮ ಸ್ಟಾಫ್ ರೂಮುಗಳಲ್ಲಿ ಕೇಳಿದ ಹಾಗಿಲ್ಲವೇ? ಟ್ರೈಸ್‌ಮನ್ ಇಪ್ಪತ್ತು ಕಪ್ಪು ವಿದ್ಯಾರ್ಥಿಗಳ ಮತ್ತು ಇಪ್ಪತ್ತು ಚೀನೀ ಮೂಲದ ವಿದ್ಯಾರ್ಥಿಗಳ ಹಿಂದೆಯೇ ತಿರುಗಿ ಅವರು ಓದುವ ರೀತಿಯನ್ನು ಗಮನಿಸಿದರು. ಆ ಉತ್ತರಗಳು ಯಾವುವೂ ನಿಲ್ಲಲಿಲ್ಲ. ಚೀನೀ ಮೂಲದವರು ಗುಂಪಾಗಿ ಕೂತು, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಕಪ್ಪು ವಿದ್ಯಾರ್ಥಿಗಳು ಅಷ್ಟೇ ನಿಷ್ಠೆಯಿಂದ, ಆದರೆ ಒಂಟಿಯಾಗಿ ಓದುತ್ತಿದ್ದರು. ಅವರಿಗಾಗಿ ಟ್ರೈಸ್‌ಮನ್ ನಡೆಸಿದ ಕಮ್ಮಟದಲ್ಲಿ ಪಾಠವನ್ನು ಸುಲಭ ಮಾಡಲಿಲ್ಲ, ಇನ್ನೂ ಕಷ್ಟದ ಲೆಕ್ಕಗಳನ್ನು ಜೊತೆಯಾಗಿ ಮಾಡಲು ಕೊಟ್ಟರು. ಮಕ್ಕಳು ಗೆದ್ದರು. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತ ತರಗತಿಗಳ 225 ಅಧ್ಯಯನಗಳನ್ನು ಒಟ್ಟು ನೋಡಿದಾಗಲೂ ಇದೇ ಕಂಡಿತು. ಬರೀ ಉಪನ್ಯಾಸದ ತರಗತಿಯಲ್ಲಿ ನಪಾಸಾದವರು ಸರಾಸರಿ ಶೇಕಡಾ 33.8, ಮಕ್ಕಳನ್ನು ಕೆಲಸಕ್ಕೆ ಹಚ್ಚುವ ತರಗತಿಯಲ್ಲಿ ಶೇಕಡಾ 21.8. ಕಲಿಸುವ ಕ್ರಮ ಬದಲಾದರೆ ಸೋಲೂ ಕಡಿಮೆಯಾಗುತ್ತದೆ ಎಂದಾದ ಮೇಲೆ ಸೋಲನ್ನು ಮಗುವಿನ ತಲೆಗೆ ಮಾತ್ರ ಕಟ್ಟುವುದು ಹೇಗೆ?

ಇದು ಅಂಕಪಟ್ಟಿಯ ವಿಷಯವಷ್ಟೇ ಆಗಿ ಉಳಿದಿಲ್ಲ. 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳ ಆತ್ಮಹತ್ಯೆ ತಡೆಯಲು ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕಾರ್ಯಪಡೆಯನ್ನೇ ರಚಿಸಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ ದೆಹಲಿ ಹೈಕೋರ್ಟ್, ಹಾಜರಿ ಕೊರತೆಯ ಕಾರಣಕ್ಕೆ ಕಾನೂನು ವಿದ್ಯಾರ್ಥಿಗಳನ್ನು ಪರೀಕ್ಷೆಯಿಂದ ತಡೆಯಬಾರದು ಎಂದು ತೀರ್ಪಿತ್ತಿತು. ನ್ಯಾಯಾಲಯಗಳು ಮೇಷ್ಟರ ಕೆಲಸ ಮಾಡಬೇಕಾಗಿ ಬಂದಿರುವುದು ಯಾರಿಗೂ ಗೌರವ ತರುವ ಸಂಗತಿಯಲ್ಲ.

ಮೇಷ್ಟರುಗಳ ಕಷ್ಟವನ್ನು ನಾವು ಬಲ್ಲೆವು. ಖಾಸಗಿ ಕಾಲೇಜುಗಳ ಅನೇಕ ಯುವ ಅಧ್ಯಾಪಕರು ಕಡಿಮೆ ಸಂಬಳಕ್ಕೆ ದುಡಿಯುತ್ತಾರೆ, ರಜೆಯಲ್ಲಿ ಅಡ್ಮಿಷನ್ ಹುಡುಕಿಕೊಂಡು ಊರೂರು ಅಲೆಯುತ್ತಾರೆ, ಉಳಿದ ಹೊತ್ತಿನಲ್ಲಿ ಫೈಲು ತುಂಬುತ್ತಾರೆ. 2018ರಲ್ಲಿ ತಾಂತ್ರಿಕ ಶಿಕ್ಷಣ ಪರಿಷತ್ತು ಹದಿನೈದು ವಿದ್ಯಾರ್ಥಿಗಳಿಗೆ ಒಬ್ಬರಿದ್ದ ಅಧ್ಯಾಪಕರ ಪ್ರಮಾಣವನ್ನು ಇಪ್ಪತ್ತಕ್ಕೆ ಒಬ್ಬರು ಎಂದು ಸಡಿಲಿಸಿತು. ಅಂದರೆ ಆಡಳಿತ ಮಂಡಳಿಗಳಿಗೆ ರಿಯಾಯಿತಿ ಸಿಕ್ಕಿತು, ಗುಣಮಟ್ಟದ ಬೊಬ್ಬೆ ಅಷ್ಟಾಗಿ ಏಳಲಿಲ್ಲ. ಮಕ್ಕಳ ಮತ್ತು ಮೇಷ್ಟರ ಜಗಳವಾಗಿ ಇದನ್ನು ನೋಡುವವರು ನಿಜವಾದ ಯಜಮಾನರನ್ನು ನೋಡುತ್ತಿಲ್ಲ.

ಹಾಗಾದರೆ ಆಗಬೇಕಾದದ್ದೇನು? ಆ ಮೊದಲ ವಾರದ ಹಾಳೆಗೆ ಇನ್ನೊಂದು ಪುಟ ಸೇರಲಿ, ಅದರ ಕೆಳಗೆ ಪ್ರಾಂಶುಪಾಲರು ಸಹಿ ಮಾಡಲಿ. ಬ್ಲೂ ಬುಕ್ ಏಳು ದಿನದೊಳಗೆ, ತಪ್ಪು ತಿದ್ದಿ, ಮರಳುತ್ತದೆ. ಮೊದಲ ಎರಡು ವಾರದಲ್ಲಿ ಅಂಕವಿಲ್ಲದ ಒಂದು ಪರೀಕ್ಷೆ ನಡೆಸಿ ಯಾರಿಗೆ ಯಾವ ತಳಪಾಯ ಬೇಕೆಂದು ನೋಡುತ್ತೇವೆ. ಆ ತಳಪಾಯದ ಪಾಠ ಟೈಮ್ ಟೇಬಲ್ಲಿನೊಳಗೇ ಇರುತ್ತದೆ, ಹಳ್ಳಿಯ ಕೊನೆಯ ಬಸ್ಸು ಹೊರಟ ಮೇಲೆ ಅಲ್ಲ. ಮೂರು ತರಗತಿ ತಪ್ಪಿದ ವಾರವೇ ಕರೆದು ಕಾರಣ ಕೇಳುತ್ತೇವೆ, ಕೊನೆಯ ವಾರ ಪಟ್ಟಿ ಅಂಟಿಸುವುದಿಲ್ಲ. ಕನ್ನಡದಲ್ಲೂ ಉರ್ದುವಿನಲ್ಲೂ ಅನುಮಾನ ಕೇಳಬಹುದು. ಫೀಸು ಬಾಕಿ ಎಂದು ಹಾಲ್ ಟಿಕೆಟ್ ಹಿಡಿಯುವುದಿಲ್ಲ. ಈ ಮಾತು ತಪ್ಪಿದರೆ ದೂರು ಕೊಡಬೇಕಾದ್ದು ಇಂಥವರಿಗೆ. ಯುಜಿಸಿಯ 2023ರ ಕುಂದುಕೊರತೆ ನಿಯಮಾವಳಿ ದೂರು ಸಮಿತಿಯನ್ನೂ, ಅದರ ಮೇಲೆ ಒಬ್ಬ ಓಂಬುಡ್ಸ್‌ಪರ್ಸನ್ ಅನ್ನೂ ಕಡ್ಡಾಯ ಮಾಡಿದೆ. ಆ ಹೆಸರುಗಳು ಶಾರ್ಟೇಜ್ ಪಟ್ಟಿಯಷ್ಟೇ ದೊಡ್ಡ ಅಕ್ಷರಗಳಲ್ಲಿ ಅದೇ ಬೋರ್ಡಿನ ಮೇಲೆ ಇರಲಿ.

ಇದರಲ್ಲಿ ಕೋಟಿಗಟ್ಟಲೆ ಹಣ ಬೇಡುವ ಬೇಡಿಕೆ ಒಂದೂ ಇಲ್ಲ. ಪಾಲಕರು ಒಂದು ಕೆಲಸ ಮಾಡಬಹುದು. ಮುಂದಿನ ಸಲ ಸಹಿಗಾಗಿ ಆ ಹಾಳೆ ಮನೆಗೆ ಬಂದಾಗ ಅದನ್ನು ತಿರುಗಿಸಿ ನೋಡಿ, ಎರಡನೇ ಪುಟ ಎಲ್ಲಿ ಎಂದು ಕಾಲೇಜನ್ನು ಕೇಳಿ. ಶೇಕಡಾ 85 ಹಾಜರಿ ಕೇಳುವ ಹಕ್ಕು ಕಾಲೇಜಿಗೆ ಇದೆ. ಮೊದಲು ಅದು ನೂರಕ್ಕೆ ನೂರು ಹಾಜರಿರಲಿ.