ಆತುರನ ಆತುರ

ಕಳೆದ ಮೂರು ಸಂಚಿಕೆಗಳಲ್ಲಿ ಈ ಪುಟವು ಕಾಣಿಸಿಕೊಳ್ಳದಿದ್ದುದಕ್ಕೆ ಕಾರಣವೇನೆಂದು ವಾಚಕರಲ್ಲಿ ಕೆಲವರು ವಿಚಾರಿಸಿರುವರು. ಕಾರಣವು ನಮ್ಮ ಬಲಗಾಲು. ಕಾರ್ತಿಕಮಾಸದ ಒಂದು ಸಂಜೆ ದೇವಸ್ಥಾನದ ಮೆಟ್ಟಿಲಿನ ಮೇಲೆ ಚೆಲ್ಲಿದ್ದ ದೀಪದೆಣ್ಣೆಯನ್ನು ಕಾಣದೆ ಕಾಲಿಟ್ಟು ಜಾರಿಬಿದ್ದೆವು. ಕಾಲೂ ಪಾದವೂ ಕೂಡುವ ಹರಡಿನ ಹೊರಮಗ್ಗುಲಿನ ಎಲುಬು ಮುರಿಯಿತು. ಶಸ್ತ್ರವೈದ್ಯರು ಅದನ್ನು ಲೋಹದ ಪಟ್ಟಿಯಿಂದಲೂ ತಿರುಪುಮೊಳೆಗಳಿಂದಲೂ ಕೂಡಿಸಿ, ೬ ವಾರಗಳವರೆಗೆ ಆ ಪಾದದ ಮೇಲೆ ಭಾರ ಬಿಡಕೂಡದೆಂದು ವಿಧಿಸಿ ಮನೆಗೆ ಕಳುಹಿಸಿದರು.

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಈ ಕೀಲಿಗೆ ಗುಲ್ಫವೆಂದು ಹೆಸರು. ಪೆಟ್ಟು ಬಿದ್ದರೆ ಮುಖ್ಯವಾಗಿ ವೇದನೆಯನ್ನುಂಟುಮಾಡುವ ೮ ರುಜಾಕರ ಮರ್ಮಗಳಲ್ಲಿ ಎರಡು ಕಾಲುಗಳ ಗುಲ್ಫಗಳೂ ಸೇರಿವೆ. ಈ ಮಾತನ್ನು ನಾವು ಹಿಂದೆ ಓದಿದ್ದುಂಟು; ಅರ್ಥವಾದುದು ಮಾತ್ರ ಈಗ.

ಅರ್ಥವಾದ ಮತ್ತೊಂದು ಶಬ್ದವೂ ಉಂಟು. ಸಂಸ್ಕೃತದಲ್ಲಿ ಆತುರನೆಂದರೆ ರೋಗಿ. ನಮ್ಮ ಕನ್ನಡದಲ್ಲಿಯಾದರೋ ಆತುರವೆಂದರೆ ಅವಸರ. ಒಂದೇ ಶಬ್ದಕ್ಕೆ ಈ ಎರಡು ಅರ್ಥಗಳೇಕೆಂದು ಪಾಠ ಹೇಳುತ್ತಿದ್ದ ದಿನಗಳಲ್ಲಿ ನಾವು ಯೋಚಿಸಿದವರಲ್ಲ. ಮಂಚದ ಮೇಲೆ ಕಾಲನ್ನು ದಿಂಬಿನ ಮೇಲೆತ್ತಿಟ್ಟುಕೊಂಡು ಮಲಗಿದವನಿಗೆ ಅದನ್ನು ಯಾರೂ ವಿವರಿಸಬೇಕಾದುದಿಲ್ಲ.

ನಾಲ್ಕನೆಯ ವಾರದ ಒಂದು ರಾತ್ರಿ ಬಾಯಾರಿಕೆಯಿಂದ ಎಚ್ಚರವಾಯಿತು. ಪಕ್ಕದ ಚೊಂಬು ಬರಿದಾಗಿದ್ದಿತು. ಹಗಲೆಲ್ಲ ನಮ್ಮ ಸೇವೆಯಲ್ಲಿ ದಣಿದು ಮಲಗಿದ್ದ ಮನೆಯವರನ್ನು ಎಬ್ಬಿಸುವುದು ನಿರ್ದಯವೆಂದು ತೋರಿತು. ಊರುಗೋಲಿನ ಸದ್ದಿಗೆ ಎದ್ದಾರೆಂದು ಅದನ್ನೂ ಬಿಟ್ಟು, ಗೋಡೆ ಹಿಡಿದು ಒಂಟಿಕಾಲಿನಲ್ಲಿ ಅಡಿಗೆಮನೆಯ ಕಡೆಗೆ ಹೊರಟೆವು. ಹೊಸ್ತಿಲಿನಲ್ಲಿ ಆಯ ತಪ್ಪಿತು. ಬೀಳದಿರಲೆಂದು ನೊಂದ ಕಾಲನ್ನೇ ಊರಿಬಿಟ್ಟೆವು. ನಾವು ಕೂಗಿದ ಕೂಗಿಗೆ ಮನೆಯೆಲ್ಲ ಎದ್ದಿತು.

ಮರುದಿನ ಕ್ಷಕಿರಣದ ಚಿತ್ರ ತೆಗೆಸಿದುದಾಯಿತು. ದೇವರ ದಯೆಯಿಂದ ಪಟ್ಟಿ ಕದಲಿರಲಿಲ್ಲ. ಆದರೆ ಕಾಲು ಬಾತುಹೋಗಿದ್ದುದರಿಂದ ವೈದ್ಯರು ೬ ವಾರಗಳ ಗಡುವನ್ನು ೮ ವಾರ ಮಾಡಿದರು. ಹಿಂದಿರುಗುವ ದಾರಿಯಲ್ಲಿ ನಮ್ಮ ಮನೆಯವರು ಆಡಿದುದು ಎರಡೇ ಮಾತು: “ಒಂದು ಚೊಂಬು ನೀರು ತರುವ ಶ್ರಮ ನನಗೆ ಬೇಡವೆಂದಿರಿ. ಈಗ ಇನ್ನೆರಡು ವಾರದ ನೀರು ಹೊರಬೇಕಾದವಳು ನಾನೇ ಅಲ್ಲವೆ?”

ನಮಗೆ ಉತ್ತರ ತೋಚಲಿಲ್ಲ. ದಯೆಯೆಂದು ನಾವು ತಿಳಿದುಕೊಂಡುದು ವಿಚಾರಿಸಿ ನೋಡಿದರೆ ಅಭಿಮಾನವೇ ಆಗಿದ್ದಿತು. ಬೇಡುವುದಕ್ಕೆ ನಾಚಿದೆವು, ಆ ನಾಚಿಕೆಯ ಬೆಲೆಯನ್ನು ತೆತ್ತವರು ಬೇರೆಯವರು. ಗೃಹಸ್ಥರಾದ ವಾಚಕರು ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಮ್ಮ ಕಾಲು ಮುರಿದುದು ಅಷ್ಟರಮಟ್ಟಿಗೆ ಸಾರ್ಥಕ.

ಗಡುವು ಮುಗಿದ ಮೇಲೆ ವಿಚಿತ್ರವೊಂದು ಸಂಭವಿಸಿತು. ಬೇಡವೆಂದಾಗ ಊರಿದ ಕಾಲನ್ನು, ಊರಿರೆಂದಾಗ ಊರಲು ಧೈರ್ಯ ಬಾರದು. ಮೀನಖಂಡವು ಸೊರಗಿ, ಕೀಲು ಬಾಗಿಲಿನ ತುಕ್ಕುಹಿಡಿದ ತಿರುಗಣಿಯಂತೆ ಬಿಗಿದುಹೋಗಿದ್ದಿತು. ಆಗ ವ್ಯಾಯಾಮಚಿಕಿತ್ಸೆಯನ್ನು ಬಲ್ಲ ತರುಣಿಯೊಬ್ಬರು ನಮಗೆ ಗುರುಗಳಾದರು. ತೂಕದ ಯಂತ್ರದ ಮೇಲೆ ಪಾದವನ್ನಿರಿಸಿ, ಮೊದಲು ೧೦ ಕಿಲೋ ಭಾರ ಬಿಡಿರೆಂದರು. ಕೆಲವು ದಿನಗಳ ಮೇಲೆ ೨೦ ಎಂದರು. ಭಯಕ್ಕೆ ಇಂತಹ ಔಷಧ ಬೇರೆಯಿಲ್ಲ. ಊರುಗೋಲಿನ ಭಾರವನ್ನು ಕಂಕುಳು ಹೊರದೆ ಅಂಗೈಗಳು ಹೊರಬೇಕು. ಕೈಗೋಲಿಗೆ ಬಂದ ಮೇಲೆ ಅದನ್ನು ನೊಂದ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೊಂದ ಕಾಲು ಮೊದಲು. ಇವು ಅವರು ಕಲಿಸಿದ ಸೂತ್ರಗಳು. ಸಂಜೆಯ ವೇಳೆಗೆ ಕಾಲು ಬಾಯುವುದು ಹಲವು ತಿಂಗಳು ಇದ್ದೀತು, ಹೆದರಬೇಡಿರೆಂದರು. ಆದರೆ ಮೀನಖಂಡದಲ್ಲಿ ಹೊಸದಾಗಿ ನೋವು, ಬಾವು, ಬಿಸಿ ಕಂಡರೆ, ಇಲ್ಲವೆ ಉಸಿರು ಕಟ್ಟಿದಂತಾದರೆ, ರಕ್ತ ಹೆಪ್ಪುಗಟ್ಟಿರಬಹುದಾದುದರಿಂದ ಆ ಕ್ಷಣವೇ ಆಸ್ಪತ್ರೆಗೆ ಬರತಕ್ಕುದೆಂದು ಎಚ್ಚರಿಸಿದರು. ಒಬ್ಬೊಬ್ಬರ ಮುರಿತವೂ ಒಂದೊಂದು ಬಗೆ. ಅವರವರ ವೈದ್ಯರು ಹೇಳಿದ ಗಡುವೇ ಅವರವರಿಗೆ ಪ್ರಮಾಣ.

ಇನ್ನು ಮನೆಗೆಲಸದ ಮಾತು. ಮಗನೂ ಸೊಸೆಯೂ ಪ್ರೀತಿಯಿಂದ ನಮಗೆ ಹುಲ್ಲುಕಡ್ಡಿಯನ್ನೂ ಎತ್ತಗೊಡುತ್ತಿರಲಿಲ್ಲ. ಈ ಪ್ರೀತಿಯೂ ಒಂದು ಬಗೆಯ ಬಂಧನವೇ. ಮೊದಲು ನಮಗೆ ಉದ್ಯೋಗವಿತ್ತವರು ನಮ್ಮ ಮನೆಯವರು. ಪುಷ್ಯಮಾಸವಾದುದರಿಂದ ಅವರೆಕಾಯಿಯ ಸುಗ್ಗಿ. ಒಂದು ಮೊರ ಕಾಯಿಯನ್ನು ತಂದು ನಮ್ಮ ಮುಂದಿಟ್ಟು, “ಕುಳಿತು ಮಾಡುವ ಕೆಲಸವೂ ಕೆಲಸವೇ” ಎಂದರು. ಅಂದು ಸಂಜೆ ಉಂಡ ಹುಳಿಯ ರುಚಿಯನ್ನು ನಾವು ಮರೆಯುವಂತಿಲ್ಲ. ಕಾಯಿ ಬಿಡಿಸುವುದಾದ ಮೇಲೆ ಒಣಗಿದ ಬಟ್ಟೆ ಮಡಿಸುವುದು, ಬಳಿಕ ನಿಂತುಕೊಂಡು ದೇವರ ದೀಪ ಹಚ್ಚುವುದು, ಆಮೇಲೆ ಬೀದಿಯ ತಿರುವಿನವರೆಗೆ ಹೋಗಿ ಹಾಲು ತರುವುದು. ಹೀಗೆ ಒಂದೊಂದೇ ಕೆಲಸವು ನಮಗೆ ಮರಳಿತು.

ಮರಳದಿರುವುದು ನೆಲ. ನಮ್ಮ ದೇಶದ ಬಾಳು ನೆಲಕ್ಕೆ ಅಂಟಿಕೊಂಡಿರತಕ್ಕುದು. ಎಲೆಯ ಮುಂದೆ ಕೂಡಲು, ರಂಗೋಲಿಯಿಡಲು, ಶೌಚಕ್ಕೆ ಕುಕ್ಕರಗಾಲಿನಲ್ಲಿ ಕೂಡಲು ಕಾಲುಗಳ ಕೀಲುಗಳೆಲ್ಲ ಬಾಗಬೇಕು. ಕುಕ್ಕರಗಾಲಿಗೆ ಹರಡು ಪೂರ್ತಿಯಾಗಿ ಬಾಗದಿದ್ದರೆ ಸಾಗದು. ಸದ್ಯಕ್ಕೆ ಕಾಲುಮಣೆಯ ಸ್ನಾನ, ಕುರ್ಚಿಯ ಸಂಧ್ಯಾವಂದನೆ, ಮೇಜಿನ ಊಟ. ಮೊದಲು ಇದರಲ್ಲಿ ಕೀಳುತನವನ್ನು ಕಂಡೆವು, ಈಗ ಕಾಣುವುದಿಲ್ಲ. ದಿನವೂ ಬೆಳಿಗ್ಗೆ ಪಾದಕ್ಕೆ ವಸ್ತ್ರ ಸುತ್ತಿ ಮೆಲ್ಲನೆ ನಮ್ಮ ಕಡೆಗೆ ಎಳೆದುಕೊಳ್ಳುತ್ತೇವೆ. ಕಳೆದ ವಾರಕ್ಕಿಂತ ಈ ವಾರ ಒಂದು ಬೆರಳಿನಷ್ಟು ಹೆಚ್ಚು ಬಾಗಿತು.

ರಾತ್ರಿ ಮಲಗುವ ಮುನ್ನ ಎರಡು ಚೊಂಬುಗಳಲ್ಲಿ ನೀರು ತುಂಬಿ, ಮುಚ್ಚಳವಿಟ್ಟು, ಒಂದನ್ನು ನಮ್ಮ ತಲೆದೆಸೆಯಲ್ಲಿಯೂ ಇನ್ನೊಂದನ್ನು ನಮ್ಮ ಮನೆಯವರ ತಲೆದೆಸೆಯಲ್ಲಿಯೂ ಇಡುವ ಕೆಲಸವು ಈಗ ನಮ್ಮದು. ಕೈಗೋಲು ಹಿಡಿದವನು ಒಂದು ಸಲಕ್ಕೆ ಒಂದೇ ಚೊಂಬನ್ನು ತರಬಲ್ಲನಾದುದರಿಂದ ಅಡಿಗೆಮನೆಗೆ ಎರಡು ಸಲ ಹೋಗಿಬರುತ್ತೇವೆ. ಹೊಸ್ತಿಲನ್ನು ನೋಡಿಕೊಂಡೇ ದಾಟುತ್ತೇವೆ.