ಏನು ಕೊಯ್ಯುವುದಿದೆ?

ಕೊಳ್ಳುವವನ ಕಣ್ಣಿಗೂ ಬಳಸುವವನ ಕೈಗೂ ಹಲವು ಸಲ ಹೊಂದಿಕೆಯಾಗುವುದಿಲ್ಲ. ಈ ವಿರಸವು ಅಂಗಡಿಯಲ್ಲಿ ತೋರದು. ವಸ್ತುವು ಮನೆಗೆ ಬಂದು ಕೆಲಸಕ್ಕೆ ತೊಡಗಿದ ಮೇಲೆಯೇ ತೋರುವುದು. ಪಾದರಕ್ಷೆಯೋ ಛತ್ರಿಯೋ ಆದರೆ ಇದಕ್ಕಾಗಿ ತೆರುವ ದಂಡ ಅಲ್ಪ. ಅಲಗುಳ್ಳ ವಸ್ತುವಾದರೆ ದಂಡವನ್ನು ಬೆರಳೇ ತೆರಬೇಕಾದೀತು.

ಈಚೆಗೆ ಪಟ್ಟಣದ ತರುಣರ ಕಣ್ಣನ್ನು ಸೆಳೆದಿರುವ ಅಂಥ ವಸ್ತುಗಳಲ್ಲಿ ಕರಂಬಿಟ್ ಎಂಬ ಮಡಿಸುವ ಚಾಕುವೂ ಒಂದು. ಅದರ ಅಲಗು ಹುಲಿಯ ಉಗುರಿನಂತೆ ಒಳಕ್ಕೆ ಬಾಗಿದೆ. ಹಿಡಿಯ ತುದಿಯಲ್ಲಿ ಬೆರಳನ್ನು ತೂರಿಸಲು ಒಂದು ಉಂಗುರವಿದೆ. ಚಲಚ್ಚಿತ್ರಗಳಲ್ಲಿಯೂ ಮೊಬೈಲಿನ ಆಟಗಳಲ್ಲಿಯೂ ಅದನ್ನು ಬೆರಳಿನ ಮೇಲೆ ಗಿರ್ರನೆ ತಿರುಗಿಸುವುದನ್ನು ಕಂಡ ಹುಡುಗನಿಗೆ, ಅದು ತನ್ನ ಜೇಬಿನಲ್ಲಿಯೂ ಇರಬೇಕೆಂಬ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ. ಎಷ್ಟು ಉದ್ದದ್ದು, ಯಾವ ಮಾದರಿಯದು ಎಂಬುದಷ್ಟೇ ಅವನಿಗೆ ಉಳಿದ ಪ್ರಶ್ನೆ.

ಹುಬ್ಬಳ್ಳಿಯ ಅಂಥ ಒಬ್ಬ ಕಾಲೇಜು ವಿದ್ಯಾರ್ಥಿಯು ತಂದೆಯೊಡನೆ ಗೊಟಗೋಡಿಗೆ ಬಂದನೆಂದು ವಾಚಕರು ಕಲ್ಪಿಸಿಕೊಳ್ಳಲಿ. ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ಹೆದ್ದಾರಿಯಲ್ಲಿ, ಶಿಗ್ಗಾಂವಿ ತಾಲೂಕಿನಲ್ಲಿರುವ ಈ ಊರು ಇಂದು ಎರಡು ಕಾರಣಗಳಿಂದ ಹೆಸರಾಗಿದೆ. ಒಂದು, 2011ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ. ಇನ್ನೊಂದು, ಕಲಾವಿದ ಟಿ. ಬಿ. ಸೊಲಬಕ್ಕನವರ ಕಲ್ಪನೆಯಿಂದ ಮೂಡಿದ ಉತ್ಸವ ರಾಕ್ ಗಾರ್ಡನ್. ಹಳ್ಳಿಯ ಬಾಳು, ಕಸುಬು, ದನಕರು ಎಲ್ಲವೂ ಅಲ್ಲಿ ಸಿಮೆಂಟಿನ ಶಿಲ್ಪಗಳಾಗಿ ಆಳೆತ್ತರಕ್ಕೆ ನಿಂತಿವೆ. ಅವುಗಳ ನಡುವೆ ಅಡ್ಡಾಡಿದ ಪಟ್ಟಣದ ಮಕ್ಕಳಿಗೆ, ತಮ್ಮ ಅಜ್ಜಂದಿರ ಕೈಯಲ್ಲಿ ಯಾವ ಯಾವ ಉಪಕರಣಗಳಿದ್ದುವೆಂಬ ಕುತೂಹಲವು ಹುಟ್ಟದೆ ಇರದು.

ಶಿಲ್ಪಗಳನ್ನು ನೋಡಿ ಹೊರಬಿದ್ದ ತಂದೆ ಮಕ್ಕಳು ಸಮೀಪದ ಊರಿನ ಒಂದು ಕುಲುಮೆಯ ಮುಂದೆ ನಿಂತರು. ವೃದ್ಧ ಕಮ್ಮಾರನು ಕುಡುಗೋಲೊಂದಕ್ಕೆ ಹಿಡಿಯನ್ನು ಕೂಡಿಸುತ್ತಿದ್ದನು. ಹುಡುಗನು ಮೊಬೈಲಿನಲ್ಲಿದ್ದ ಚಿತ್ರವನ್ನು ತೋರಿಸಿದನು.

“ಅಜ್ಜಾರ, ಇಂಥಾದ್ದೊಂದು ಮಾಡಿಕೊಡ್ತೀರೇನ್ರೀ? ಎಷ್ಟುದ್ದ ಇದ್ರ ಚಲೋ?”

ಮುದುಕನು ಚಿತ್ರವನ್ನು ದಿಟ್ಟಿಸಿ ನೋಡಿ ನಕ್ಕನು.

“ಎಷ್ಟುದ್ದ ಅನ್ನೂದು ಆಮ್ಯಾಲಿನ ಮಾತು ತಮ್ಮಾ. ಮೊದಲ ಏನ ಕೊಯ್ಯಾಂವ ಅದೀ, ಅದನ್ನ ಹೇಳು.”

ಹುಡುಗನಲ್ಲಿ ಉತ್ತರವಿರಲಿಲ್ಲ. ತಂದೆಯು ಬೇರೆ ಕಡೆಗೆ ನೋಡಿದನು.

ಮುದುಕನ ಪ್ರಶ್ನೆಯಲ್ಲಿ ಈ ವಿಷಯದ ಸಾರವೆಲ್ಲವೂ ಅಡಗಿದೆ. ಕರಂಬಿಟ್ಟು ಹುಟ್ಟಿದ್ದು ಸುಮಾತ್ರಾ ದ್ವೀಪದ ಪಶ್ಚಿಮದಲ್ಲಿ ನೆಲೆಸಿರುವ ಮಿನಾಂಗ್ಕಬಾವು ಜನರಲ್ಲಿ ಎಂಬುದು ವಾಡಿಕೆಯ ಮಾತು. ಅದು ಮೊದಲಿಗೆ ಬೇರು ಕೆದಕುವ, ಪೈರು ಕೊಯ್ಯುವ ಹೊಲದ ಉಪಕರಣವಾಗಿತ್ತೆಂದೂ, ಬಳಿಕ ಸಿಲಾಟ್ ಎಂಬ ಕಾದಾಟದ ವಿದ್ಯೆಗೆ ಸೇರಿತೆಂದೂ ಹೇಳುತ್ತಾರೆ. ಅಂದರೆ ಅದು ನಮ್ಮ ಕುಡುಗೋಲಿನ ದೂರದ ನೆಂಟ. ಅಲಗು ಒಳಕ್ಕೆ ಬಾಗಿರುವುದು ಚೆಲುವಿಗಾಗಿ ಅಲ್ಲ. ಎಡಗೈಯಲ್ಲಿ ಹಿಡಿದ ದಂಟುಗಳು ಜಾರಿಹೋಗದಂತೆ ಆ ಬಾಗು ಅವುಗಳನ್ನು ತಬ್ಬಿಕೊಳ್ಳುತ್ತದೆ; ತನ್ನ ಕಡೆಗೆ ಎಳೆದಂತೆ ಬಾಯಿಯು ಜಾರುತ್ತ ಕೊಯ್ಯುತ್ತದೆ. ಆದರೆ ಅದೇ ಬಾಗಿನಿಂದ ಹಲಗೆಯ ಮೇಲಿಟ್ಟ ಸೌತೆಕಾಯಿಯನ್ನು ಹೆಚ್ಚಲಾಗದು. ಸೇಬಿನ ಸಿಪ್ಪೆಯನ್ನು ಸುಲಿಯುವುದೂ ತ್ರಾಸ.

ಕಮ್ಮಾರನು ತನ್ನ ಕುಡುಗೋಲುಗಳನ್ನು ಒಂದೊಂದಾಗಿ ಎತ್ತಿ ತೋರಿಸಿದನು. ಹುಲ್ಲಿಗೆ ತೆಳುವಾದುದು, ಹೆಚ್ಚು ಬಾಗಿದ್ದು. ಗೋವಿನಜೋಳದ ದಂಟಿಗೆ ದಪ್ಪನೆಯದು, ಬಾಗು ಕಡಿಮೆ. ಭತ್ತಕ್ಕೆ ಸಣ್ಣ ಹಲ್ಲುಗಳದ್ದು. ಬಳಿಕ ಹುಡುಗನ ಅಂಗೈಯನ್ನು ಹಿಡಿಯ ಮೇಲಿರಿಸಿದನು.

“ಮುಷ್ಟಿ ಕಟ್ಟಿದಾಗ ಹಿಡಿ ಎರಡೂ ಕಡೆ ಚೂರು ಹೊರಗ ಕಾಣಬೇಕು. ಒಳಗ ಮುಚ್ಚಿಹೋದ್ರ ಕೈ ಜಾರಿ ಬಾಯಿಗೆ ಬೀಳ್ತದ. ಮೂತಿ ಭಾರ ಆದ್ರ ಮಣಿಕಟ್ಟು ನೋಯ್ತದ.”

ಈ ಅಳತೆಯಿಂದಲೇ ಮಡಿಸುವ ಕರಂಬಿಟ್ಟನ್ನೂ ಪರೀಕ್ಷಿಸಬಹುದು. ಜೇಬಿನಲ್ಲಿ ಅಡಗಲೆಂದು ಹಿಡಿಯನ್ನು ಕುಗ್ಗಿಸಿದರೆ ನಾಲ್ಕು ಬೆರಳುಗಳಿಗೆ ಎಡೆ ಸಾಲದು. ಉಂಗುರವು ಬಿಗಿಯಾಗಿದ್ದರೆ, ಅಲಗು ಎಲ್ಲಿಯಾದರೂ ಸಿಕ್ಕಿಕೊಂಡಾಗ ಬೆರಳು ಹೊರಬಾರದೆ ಉಳುಕುವುದು, ಮುರಿಯಲೂಬಹುದು. ಸಡಿಲವಾಗಿದ್ದರೆ ಹಿಡಿತವೇ ಇಲ್ಲ. ಬಿಚ್ಚಿದ ಅಲಗು ಮಡಚದಂತೆ ತಡೆಯುವುದು ಒಳಗಿನ ಒಂದು ತೆಳು ಪಟ್ಟಿ ಅಥವಾ ಕೊಂಡಿ. ಎಳೆತದಲ್ಲಿ ಅಲಗು ಪಕ್ಕಕ್ಕೆ ತಿರುಚಿದರೆ ಆ ಕೊಂಡಿಯ ಮೇಲೆ ಹೆಚ್ಚಿನ ಬಲ ಬೀಳಬಹುದು. ಅಗ್ಗದ ಮಾದರಿಯಲ್ಲಿ ಕೊಂಡಿ ಸೋತರೆ ಬಾಯಿಯು ಬೆರಳುಗಳ ಮೇಲೆಯೇ ಮುಚ್ಚಿಕೊಳ್ಳುತ್ತದೆ. ಇನ್ನು ಮೊಂಡಾದಾಗ ಮನೆಯ ಚಪ್ಪಟೆ ಸಾಣೆಕಲ್ಲು ಒಳಬಾಗಿದ ಬಾಯಿಗೆ ತಾಗುವುದೇ ಇಲ್ಲ. ದುಂಡನೆಯ ಸಾಣೆಕಡ್ಡಿಯೇ ಬೇಕು. ಹೀಗಾಗಿ, ಪೊಟ್ಟಣದ ದಾರವನ್ನೋ ಕಾಗದವನ್ನೋ ಕತ್ತರಿಸಲು ಜೇಬಿಗೊಂದು ಚಾಕು ಬೇಕೆನ್ನುವವನಿಗೆ, ಮೂರು ಅಂಗುಲದ ಒಳಗಿನ ನೇರ ಅಲಗಿನ, ಗಟ್ಟಿ ಕೊಂಡಿಯ ಸಾಮಾನ್ಯ ಮಡಿಸುವ ಚಾಕುವೇ ಮೇಲು.

ಕಾನೂನು ಕೂಡ ಕಮ್ಮಾರನ ಪ್ರಶ್ನೆಯನ್ನೇ ಕೇಳುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳು 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗನ್ನು ಆಯುಧಗಳ ಸಾಲಿಗೆ ಸೇರಿಸುವಾಗ, ಗೃಹಕೃತ್ಯ, ಕೃಷಿ, ವಿಜ್ಞಾನ, ಕೈಗಾರಿಕೆಗಳಿಗಾಗಿ ಮಾಡಿದವುಗಳನ್ನು ಹೊರಗಿಟ್ಟಿವೆ. ರೈತನ ಕುಡುಗೋಲು ಎಷ್ಟೇ ಉದ್ದವಾಗಿದ್ದರೂ ಉಪಕರಣವೇ. ಅಲಗು ಚಿಕ್ಕದಾದ ಮಾತ್ರಕ್ಕೆ ಎಲ್ಲೆಡೆಗೂ ಒಯ್ಯಬಹುದೆಂದೂ ಅಲ್ಲ. ವಿಮಾನದ ಕೈಚೀಲದಲ್ಲಿ ಅದಕ್ಕೆ ಎಡೆಯಿಲ್ಲ. ಕಾಲೇಜಿನ ಚೀಲದಲ್ಲಿ ಸಿಕ್ಕಿದ ಹುಲಿಯುಗುರಿಗೆ ಹುಡುಗನು ಯಾವ ಕೆಲಸದ ಹೆಸರನ್ನು ಹೇಳಿಯಾನು?

ಹುಡುಗನು ಅಂದು ಏನನ್ನೂ ಕೊಳ್ಳಲಿಲ್ಲ. ಬಸ್ಸಿನಲ್ಲಿ ಬಹಳ ಹೊತ್ತು ಸುಮ್ಮನಿದ್ದನು. ರಾತ್ರಿ ಮನೆಗೆ ಬಂದವನೇ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದನು:

“ಅವ್ವಾ, ನಮ್ಮ ಮನ್ಯಾಗ ಏನೇನು ಕೊಯ್ಯೂದು ಇರ್ತದ?”

ತಾಯಿಗೆ ಈ ಪ್ರಶ್ನೆ ವಿಚಿತ್ರವಾಗಿ ತೋರಿತು. ಮೂಲೆಯಲ್ಲಿದ್ದ ಈಳಿಗೆಯನ್ನು ಕಾಲಿನಿಂದ ಮುಂದಕ್ಕೆ ಸರಿಸಿ ಹೇಳಿದಳು:

“ಕೊಯ್ಯೂದು ಬೇಕಾದಷ್ಟು ಅದ. ಇದರ ಬಾಯಿ ಮೊಂಡಾಗಿ ಆರು ತಿಂಗಳಾತು. ಸಾಣಿ ಹಿಡಿಸಿಕೊಂಡ ಬಾ ಅಂತ ನಿಮ್ಮಪ್ಪಗ ಹೇಳಿ ಹೇಳಿ ಸಾಕಾತು.”

ಮರುದಿನ ಬೆಳಿಗ್ಗೆ, ಬಾಯಿಗೆ ದಪ್ಪನೆಯ ಗೋಣಿಯನ್ನು ಸುತ್ತಿದ ಈಳಿಗೆಯನ್ನು ಹಿಡಿದುಕೊಂಡು ಹುಡುಗನು ಸಾಣೆಯವನನ್ನು ಹುಡುಕುತ್ತ ಹೊರಟನು.